ಪೋಖ್ರಣದ ಮರಳು, ಬೀಳಗಿಯ ಮುಳುಗಡೆ

ಆಯುಧಗಳನ್ನು ಪರೀಕ್ಷಿಸುವ ಭೂಮಿಯು ಮೊದಲಿನಿಂದಲೂ ನಿರ್ಜನವಾಗಿದ್ದಿತೆಂದು ದೂರದಲ್ಲಿರುವವರು ಭಾವಿಸುವುದು ಸಹಜವೇ ಆದರೂ, ಆ ನಿರ್ಜನತೆಯು ಜನರು ಎದ್ದುಹೋದ ಮೇಲೆ ಒದಗಿದ ಸ್ಥಿತಿಯೇ ಹೊರತು ನೆಲದ ಹುಟ್ಟುಗುಣವಲ್ಲವೆಂಬುದನ್ನು, ತೋಪುಖಾನೆಯ ಸೇವೆಯಲ್ಲಿದ್ದುಕೊಂಡು ರಾಜಸ್ಥಾನದ ಪೋಖ್ರಣ ಫೈರಿಂಗ್ ರೇಂಜಿನಲ್ಲಿ ಹಲವು ಬೇಸಿಗೆಗಳನ್ನು ಕಳೆದ ನಾನು ಅಲ್ಲಿಯೇ ಅರಿತೆನು.

ತೋಪುಗಳ ಪರೀಕ್ಷೆಗೆ ಮೇ, ಜೂನ್ ತಿಂಗಳುಗಳನ್ನು ಬೇಕೆಂದೇ ಆರಿಸುತ್ತಾರೆ. ಆ ಉರಿಯನ್ನು ತಾಳಿದ ಯಂತ್ರವೇ ಗಡಿಯಲ್ಲಿ ನಿಂತೀತು. ಮದ್ದು ಕಾದಷ್ಟೂ ಗುಂಡಿನ ವೇಗ ಹೆಚ್ಚಿ ಅದು ಗುರಿಯನ್ನು ದಾಟಿ ಬೀಳುವುದರಿಂದ, ತಾಡಪತ್ರಿಯ ನೆರಳಿನಲ್ಲಿಟ್ಟ ಮದ್ದಿನ ಉಷ್ಣತೆಯನ್ನು ಥರ್ಮಾಮೀಟರಿನಿಂದ ಅಳೆದು ವಹಿಯಲ್ಲಿ ಬರೆಯುವುದು ನನ್ನ ಪಾಲಿನ ಕೆಲಸವಾಗಿದ್ದಿತು. ತೋಪಿನ ಉಕ್ಕನ್ನು ಬರಿಗೈಯಿಂದ ಮುಟ್ಟುವಂತಿರಲಿಲ್ಲ. ನಡುಹಗಲಿನಲ್ಲಿ ಬಿಸಿಲ್ಗುದುರೆಯೆದ್ದು ದೂರದ ಗುರಿಯೇ ನೀರಿನೊಳಗಿನ ನೆರಳಿನಂತೆ ತೂಗಾಡುತ್ತಿದ್ದುದರಿಂದ, ನಿಖರವಾದ ವೀಕ್ಷಣೆಯೆಲ್ಲ ಪ್ರಾತಃಕಾಲದಲ್ಲಿಯೋ ಸಂಜೆಯಲ್ಲಿಯೋ ನಡೆಯತಕ್ಕದ್ದು. ಶಾಖವನ್ನು ನೋಡಿ ಟ್ಯಾಂಕನ್ನು ಗುರುತಿಸುವ ನಾಗ್ ಕ್ಷಿಪಣಿಯ ಕಣ್ಣು ಕೂಡ, ಮರಳೂ ಲೋಹವೂ ಒಂದೇ ಸಮನಾಗಿ ಕಾದ ಹೊತ್ತಿನಲ್ಲಿ ತೊಡಕಿಗೆ ಸಿಲುಕಿದ್ದುಂಟು. ಅದನ್ನು ತಿದ್ದಲು ವಿಜ್ಞಾನಿಗಳು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ದಿನದ ಕಡೆಯಲ್ಲಿ, ಬಿದ್ದೂ ಸಿಡಿಯದೆ ಉಳಿದ ಗುಂಡುಗಳನ್ನು, ನಾವು ಬ್ಲೈಂಡ್ ಎನ್ನುತ್ತಿದ್ದುವನ್ನು, ಒಂದೊಂದಾಗಿ ಹುಡುಕಿ, ಪಕ್ಕದಲ್ಲಿ ಕೆಂಪು ಬಾವುಟ ನೆಟ್ಟು, ಸ್ಫೋಟಕವಿಟ್ಟು ನಾಶಪಡಿಸಬೇಕಾಗಿದ್ದಿತು. ಮರಳಿನಲ್ಲಿ ಮರೆತ ಒಂದು ಗುಂಡು ಕುರಿ ಕಾಯುವ ಹುಡುಗನೊಬ್ಬನ ಪ್ರಾಣಕ್ಕೆ ಸಮನೆಂದು ನಮ್ಮ ಸುಬೇದಾರರು ಮೇಲಿಂದ ಮೇಲೆ ಹೇಳುತ್ತಿದ್ದರು.

1974ರ ಮೇ 18ರಂದು ನಡೆದ ಮೊದಲ ಅಣುಪರೀಕ್ಷೆಯ ವೃತ್ತಾಂತವನ್ನು ನಾನು ಹಿರಿಯರಿಂದ ಕೇಳಿದ್ದು ಆ ನೆಲದ ಮೇಲೆಯೇ. ಆ ಕಾರ್ಯದ ಮುಂದಾಳುಗಳಲ್ಲೊಬ್ಬರಾದ ರಾಜಾ ರಾಮಣ್ಣನವರು ತುಮಕೂರಿನಲ್ಲಿ ಜನಿಸಿದವರೆಂಬ ಹೆಮ್ಮೆ ನನಗಿದ್ದಿತು. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಸಂಗತಿ: ಮೊದಲು ತೋಡಿದ ಕೂಪದಲ್ಲಿ ನೀರು ಜಿನುಗಿದುದರಿಂದ ಅದನ್ನು ಕೈಬಿಟ್ಟು, ಮಲ್ಕಿಯೆಂಬ ಪಾಳುಬಿದ್ದ ಹಳ್ಳಿಯ ಬಳಿ, ಒಣಗಿದ ಬಾವಿಯಿದ್ದ ಕಡೆಯಲ್ಲಿ, 107 ಮೀಟರ್ ಆಳದ ಹೊಸ ಕೂಪವನ್ನು ತೋಡಿದರಂತೆ. ಹಿಂದೊಮ್ಮೆ ಹೆಂಗಸರು ನೀರು ಸೇದುತ್ತಿದ್ದ ಬಾವಿಯದು.

ರೇಂಜಿನ ಅಂಚಿನಲ್ಲಿರುವ ಖೇತೋಲಾಯಿಯ ಜನರು 1998ರ ಮೇ 11ರ ಅಣುಪರೀಕ್ಷೆಯಂದು ಮನೆಗಳಿಂದ ಹೊರಬಂದು ಬಯಲಿನಲ್ಲಿ ಕುಳಿತರು. ಅವರ ಗೋಡೆಗಳು ಬಿರುಕುಬಿಟ್ಟುವು. ಸ್ಫೋಟದ ಕಾಲದಲ್ಲಿ ನಾನಲ್ಲಿರಲಿಲ್ಲ, ಬಿರುಕುಗಳನ್ನು ಆಮೇಲೆ ಕಂಡೆನು. ಅಲ್ಲಿಯ ವೃದ್ಧರೊಬ್ಬರು ಮಜ್ಜಿಗೆ ಕೊಟ್ಟು, "ಬೇಟಾ, ನಿಮ್ಮೂರಲ್ಲಿ ನೀರಿದೆಯೇ?" ಎಂದು ಕೇಳಿದರು. "ಬಾಬಾ, ನಮ್ಮೂರೇ ನೀರಿನಲ್ಲಿದೆ" ಎಂದೆನು. ಬೀಳಗಿ ತಾಲ್ಲೂಕಿನ ನಮ್ಮ ಗ್ರಾಮವು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಪಾಲಾಗಿದ್ದಿತು. ಅವರು ಕ್ಷಣಕಾಲ ನನ್ನನ್ನು ನೋಡಿ, "ದೇವರನ್ನು ಎಲ್ಲಿಟ್ಟಿರಿ?" ಎಂದರು. ಹಣಮಪ್ಪನ ಮೂರ್ತಿಯನ್ನು ಪುನರ್ವಸತಿ ಕೇಂದ್ರಕ್ಕೆ ತಂದುದನ್ನೂ, ಗುಡಿಯ ಕಲ್ಲುಗಳು ಅಲ್ಲಿಯೇ ಉಳಿದುದನ್ನೂ ಹೇಳಿದೆನು. ಪರಿಹಾರದ ಮೊತ್ತವೆಷ್ಟೆಂದು ನನ್ನನ್ನು ಕೇಳಿದವರು ಬಹಳ. ದೇವರನ್ನು ಕೇಳಿದವರು ಅವರೊಬ್ಬರೇ.

ರೇಂಜಿಗಾಗಿ ನೆಲ ಬಿಟ್ಟವರನ್ನೂ ಜಲಾಶಯಕ್ಕಾಗಿ ನೆಲ ಬಿಟ್ಟವರನ್ನೂ ನಾನು ಅಂದಿನಿಂದ ಒಂದೇ ಕುಲವೆಂದು ಭಾವಿಸಿದ್ದೇನೆ. ತೋಪೂ ಬೇಕು, ಅಣೆಕಟ್ಟೂ ಬೇಕು. ಜಮಖಂಡಿ, ಮುಧೋಳಗಳ ಕಬ್ಬನ್ನು ಕಂಡವರಾರೂ ನೀರಾವರಿಯನ್ನು ಹಳಿಯಲಾರರು. ಆದರೆ ಎತ್ತುಗಳನ್ನು ಮಾರಿ ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಕೂಲಿಗೆ ನಿಂತ ನನ್ನ ಅಣ್ಣನಂತಹ ರೈತನು ಕಳೆದುಕೊಂಡುದು ಎಕರೆಗಳ ಲೆಕ್ಕದಲ್ಲಿ ಮುಗಿಯುವುದಿಲ್ಲ. ಮದ್ದಿನ ಬಿಸಿಯನ್ನು ಸಹ ಡಿಗ್ರಿ ಬಿಡದೆ ಬರೆದಿಡುವ ದೇಶಕ್ಕೆ ಇದನ್ನು ಬರೆದಿಡುವುದು ಅಸಾಧ್ಯವೇನಲ್ಲ.

ಈಗ 519.60 ಮೀಟರಿನಲ್ಲಿ ನಿಂತಿರುವ ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರಲ್ಲಿಯೇ ಒಪ್ಪಿದೆ. ಬೀಳಗಿ, ಜಮಖಂಡಿ ತಾಲ್ಲೂಕುಗಳ ಮತ್ತಷ್ಟು ಹಳ್ಳಿಗಳು ಅದರ ಅಂಚಿನಲ್ಲಿವೆ. ಅಳತೆಗೆ ಬರುವ ಅಧಿಕಾರಿಗಳಲ್ಲಿ ನನ್ನ ಪ್ರಾರ್ಥನೆಯಿಷ್ಟೇ: ನೀರು ಬರುವ ಮುನ್ನ ಮನೆ, ಹೊಲ, ಗುಡಿ ಮೂರಕ್ಕೂ ಸ್ಥಳವನ್ನು ತೋರಿಸಿರಿ, ಆಮೇಲೆ ಗೇಟುಗಳನ್ನು ಇಳಿಸಿರಿ.