ಮೂರು ಸಾವಿರದ ಗಾಜು, ಹನ್ನೊಂದು ಸಾವಿರದ ಪೆಟ್ಟು

ಈ ವಾರ ಪಿಕಪ್‌ನ ಇನ್ಶೂರೆನ್ಸ್ ನವೀಕರಣದ ಚೀಟಿ ಬಂತು. ಎನ್‌ಸಿಬಿ ಕಾಲಂನಲ್ಲಿ, ಅಂದರೆ ಕ್ಲೇಮು ಮಾಡದ್ದಕ್ಕೆ ಸಿಗುವ ರಿಯಾಯಿತಿಯ ಜಾಗದಲ್ಲಿ, ಸೊನ್ನೆ. ಕಳೆದ ವರ್ಷ ಅಲ್ಲಿ ಶೇ. 50 ಇತ್ತು.

ತೋಟದ ಗುಲಾಬಿಯನ್ನು ಅತ್ತಿಬೆಲೆ ದಾಟಿಸಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಮುಟ್ಟಿಸುವ ಹತ್ತು ವರ್ಷದ ಗಾಡಿ ಅದು. ಒಂದು ದಿನ ಹೊಸೂರಿನಿಂದ ಪಿವಿಸಿ ಪೈಪು ತುಂಬಿಕೊಂಡು ರಾಯಕೋಟೆ ರಸ್ತೆಯಲ್ಲಿ ಬರುತ್ತಿದ್ದೆ. ಅಡ್ಡ ಬಂದ ಹಸುವಿಗೆ ಬ್ರೇಕ್ ಒತ್ತಿದೆ. ಪೈಪುಗಳು ಜಾರಿ ಕ್ಯಾಬಿನ್ನಿನ ಹಿಂದಿನ ಗಾಜಿಗೆ ಗುದ್ದಿದವು. ಟಫನ್ಡ್ ಗಾಜು ನೋಡಿ, ಬಿರುಕು ಬಿಟ್ಟು ನಿಲ್ಲುವುದಿಲ್ಲ. ಕಲ್ಲುಸಕ್ಕರೆಯಂತೆ ಸೀಟಿನ ತುಂಬ ಸುರಿಯಿತು.

ಗಾಜು 2,600, ರಬ್ಬರ್ ಬೀಡಿಂಗ್ 400, ಕೂಲಿ 400. ಒಟ್ಟು 3,400. "ಅಣ್ಣ, ಕೈಯಿಂದ ಕೊಟ್ಟು ಮುಗಿಸಿಬಿಡಿ" ಅಂದ ಗಾಜಿನ ಅಂಗಡಿಯ ಹುಡುಗ. ಇಷ್ಟು ವರ್ಷ ಕಟ್ಟಿದ್ದೇನೆ, ಒಮ್ಮೆಯಾದರೂ ವಸೂಲಿ ಮಾಡಬೇಡವೇ ಎಂದು ನಾನು ಕ್ಲೇಮು ಹಾಕಿದೆ. ರಬ್ಬರಿಗೆ ಅರ್ಧ ಸವಕಳಿ ಕಳೆದು, ಪಾಲಿಸಿಯ ಕಡ್ಡಾಯ ಕಡಿತ 500 ಹಿಡಿದು, ಕೈಗೆ ಬಂದದ್ದು 2,700.

ಈಗ ಇನ್ನೊಂದು ಕಡೆಯ ಲೆಕ್ಕ. ನನ್ನ ಓಡಿ ಪ್ರೀಮಿಯಂ, ಅಂದರೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಭಾಗ, 9,000 ಎಂದಿಟ್ಟುಕೊಳ್ಳಿ. ಕ್ಲೇಮು ಇಲ್ಲದಿದ್ದರೆ ಪ್ರತಿ ವರ್ಷ ಅರ್ಧ ರಿಯಾಯಿತಿ. ಕ್ಲೇಮಿನ ನಂತರ ಏಣಿ ಮೊದಲಿನಿಂದ: 0, 20, 25, 35, 45, ಆಮೇಲೆ 50. ಅಂದರೆ ಐದು ವರ್ಷಗಳಲ್ಲಿ ಕಳೆದುಕೊಳ್ಳುವುದು ಕ್ರಮವಾಗಿ ಶೇ. 50, 30, 25, 15, 5. ಕೂಡಿದರೆ 125. ಒಂದೂಕಾಲು ವರ್ಷದ ಪ್ರೀಮಿಯಂ: 11,250 ರೂಪಾಯಿ. ಗಾಡಿಯ ವಿಮಾ ಮೌಲ್ಯ (ಐಡಿವಿ) ಇಳಿದಂತೆ ಸ್ವಲ್ಪ ಕಡಿಮೆಯಾದೀತು. ನಡುವೆ ದೊಡ್ಡ ಅಪಘಾತವಾದರೆ ಲೆಕ್ಕವೇ ಬೇರೆ. ಆದರೂ 2,700ಕ್ಕಾಗಿ ತೆತ್ತದ್ದು ಅದರ ನಾಲ್ಕು ಪಟ್ಟು. ಮೂಗಿಗಿಂತ ಮೂಗುತಿ ಭಾರ.

ಇಷ್ಟಾದ ಮೇಲೆ ಏಜೆಂಟ್ ಫೋನ್ ಮಾಡಿ, "ಸಾರ್, ಜೀರೋ ಡೆಪ್ ತಗೊಳ್ಳಿ, ಗಾಜಿನ ಚಿಂತೆಯೇ ಇರಲ್ಲ" ಎಂದರು. ಏನು ಮಾತು! ಜೀರೋ ಡೆಪ್ ಎಂದರೆ ಸವಕಳಿ ಹಿಡಿಯದ ಆಡ್-ಆನ್; ಸಾಮಾನ್ಯ ಪಾಲಿಸಿಯಲ್ಲೇ ಗಾಜಿಗೆ ಸವಕಳಿ ಹಿಡಿಯುವುದಿಲ್ಲ. ಜೀರೋ ಡೆಪ್ ನನಗೆ ಉಳಿಸುತ್ತಿದ್ದದ್ದು ಬೀಡಿಂಗಿನ 200 ರೂಪಾಯಿ. ಎನ್‌ಸಿಬಿಯನ್ನು ಅದು ಕಾಯುವುದೂ ಇಲ್ಲ. ಅದಕ್ಕೆ ಬೇರೆ ಆಡ್-ಆನ್, ಬೇರೆ ಹಣ. ಹಳೆ ಗಾಡಿಯವರ ಭಯವನ್ನು ಮಾರುವ ವ್ಯಾಪಾರ ಇದು.

ನಿಜ ಹೇಳಬೇಕೆಂದರೆ ತಪ್ಪು ಇನ್ಶೂರೆನ್ಸ್ ಕಂಪನಿಯದಲ್ಲ, ಹಗ್ಗದ್ದು. ಪೈಪು ಬಿಗಿದು ಕಟ್ಟಲು ಬೇಸರಪಟ್ಟವನು ನಾನು. ದುಡಿಯುವ ಗಾಡಿಗೆ ಸಣ್ಣ ರಿಪೇರಿ ಡೀಸೆಲ್‌ನಷ್ಟೇ ಖಚಿತ. ಅದಕ್ಕೆ ದುಡ್ಡು ಬಾಡಿಗೆಯಿಂದಲೇ ಏಳಬೇಕು. ಈಗ ಟ್ರಿಪ್ಪಿಗೆ ಇಪ್ಪತ್ತು ರೂಪಾಯಿ ಡ್ಯಾಶ್‌ಬೋರ್ಡಿನ ಡಬ್ಬಿಗೆ ಬೀಳುತ್ತದೆ. ಆ ಡಬ್ಬಿಯಿಂದ ತೆಗೆದ ಮೊದಲ ಹಣದಲ್ಲಿ ಹಿಂದಿನ ಗಾಜಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. ಹಗ್ಗವನ್ನೂ ಹೊಸದು ತಂದೆ.