ನೀರು ಬರುವ ದಾರಿ

ನೆರೆ ಎಂದೊಡನೆ ದಡ ಮೀರಿ ಹರಿಯುವ ಕೆಂಪು ಹೊಳೆಯೊಂದು ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಮನೆಮಾರುಗಳನ್ನು ಹಾಳುಗೆಡಹುವ ನೀರೆಲ್ಲವೂ ಹೊಳೆಯಿಂದಲೇ ಬರುವುದಿಲ್ಲ. ಅದು ನೇರವಾಗಿ ಮುಗಿಲಿನಿಂದ ಬೀಳಬಹುದು. ಗುಡ್ಡದ ಮಣ್ಣಿನೊಡನೆ ಕೆಳಗಿಳಿಯಬಹುದು. ಹರಿದುಹೋಗಲು ದಾರಿಯಿಲ್ಲದೆ ಬೀದಿಯಲ್ಲಿಯೇ ಉಕ್ಕಬಹುದು. ನೀರು ಯಾವ ದಾರಿಯಿಂದ ಬಂದಿತು, ಎಷ್ಟು ಬೇಗ ಬಂದಿತು ಎಂಬುದನ್ನು ಅವಲಂಬಿಸಿ ಅದು ಮಾಡುವ ಹಾನಿಯೂ ಬೇರೆಯಾಗುತ್ತದೆ.

ಕೃಷ್ಣಾ ನದಿಯ ನೆರೆ ಸಾವಕಾಶವಾಗಿ ಬರುವ ಬಗೆಯದು. ಮಳೆ ಸುರಿಯುವುದು ದೂರದ ಸಹ್ಯಾದ್ರಿಯಲ್ಲಿ. ಹೊಳೆ ಏರುವುದು ಬೆಳಗಾವಿ, ಬಾಗಲಕೋಟೆಯ ಬಯಲಿನಲ್ಲಿ. ಊರಿನ ಮೇಲೆ ಬಿಸಿಲಿದ್ದಾಗಲೂ ಹೊಳೆ ತುಂಬಿ ಬರುವುದುಂಟು. ಇಂಥ ನೆರೆಯಲ್ಲಿ ದನಕರುಗಳನ್ನು ಎತ್ತರಕ್ಕೆ ಅಟ್ಟಲು, ಜೋಳದ ಚೀಲಗಳನ್ನೂ ಹೊಲದ ಕಾಗದಪತ್ರಗಳನ್ನೂ ಸಾಗಿಸಲು ಸಾಮಾನ್ಯವಾಗಿ ಕೊಂಚ ಸಮಯ ದೊರೆಯುತ್ತದೆ. ಸಾಗಿಸಲಾಗದೆ ಉಳಿಯುವುದು ಮನೆಯೊಂದೇ. ನಿಂತ ನೀರನ್ನು ಹೀರಿದ ಮಣ್ಣಿನ ಗೋಡೆ ಬುಡದಲ್ಲಿ ಮೆತ್ತಗಾಗುತ್ತದೆ. ನೀರು ಇಳಿದ ಮೇಲೆ, ಕೆಲವೊಮ್ಮೆ ಬಿಸಿಲು ಬಿದ್ದ ದಿನವೇ, ಅದು ಕುಸಿಯುತ್ತದೆ. ನೆರೆ ಹೋಯಿತೆಂದು ಒಳಹೊಕ್ಕವರ ಮೇಲೆ ಗೋಡೆ ಬೀಳುವ ಭಯವಿರುವುದು ಆಗಲೇ. ಎರೆಭೂಮಿಯಲ್ಲಿ ತೊಂದರೆ ಇನ್ನೂ ಹೆಚ್ಚು. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವುದರಿಂದ ಅಡಿಪಾಯವೇ ಅಲುಗುತ್ತದೆ. ಜೋಳವನ್ನು ಹಗೇವಿನಲ್ಲಿಟ್ಟವರ ಪಾಡಂತೂ ಹೇಳತೀರದು. ಕಳ್ಳರಿಂದಲೂ ಹುಳುಗಳಿಂದಲೂ ಕಾಳನ್ನು ಕಾಯುತ್ತಿದ್ದ ಆ ನೆಲದೊಳಗಿನ ಕಣಜಕ್ಕೆ ನೀರು ಇಳಿದರೆ ವರ್ಷದ ಅನ್ನವೆಲ್ಲ ಕೊಳೆತುಹೋಗುತ್ತದೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕಕ್ಕೆ ಬಂದ ವಿಪತ್ತು ಮತ್ತೊಂದು ಬಗೆಯದು. ಬರಗಾಲಕ್ಕೆ ಹೆಸರಾದ ವಿಜಯಪುರ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಕೆಲವೇ ದಿನಗಳಲ್ಲಿ ಹಿಂದೆಂದೂ ಕಾಣದಂಥ ಮಳೆ ಸುರಿಯಿತು. ಅಲ್ಲಿಯ ಮಾಳಿಗೆ ಮನೆಗಳು ಮರದ ತೊಲೆಗಳ ಮೇಲೆ ದಪ್ಪನೆಯ ಮಣ್ಣು ಹಾಸಿದವು. ಬಿಸಿಲಿನ ಸೀಮೆಗೆ ಇದಕ್ಕಿಂತ ಹಿತವಾದ ಸೂರು ಇಲ್ಲ. ಆದರೆ ಎಡೆಬಿಡದ ಮಳೆಯಲ್ಲಿ ನೆನೆದ ಮಣ್ಣಿನ ಭಾರವನ್ನು ನೆನೆದ ಗೋಡೆಗಳು ಹೊರಲಾರದೆ ಹೋದವು. ಹೊಳೆಯಿಂದ ಬಹುದೂರವಿದ್ದ ಊರುಗಳಲ್ಲಿಯೂ ಮನೆಗಳು ನೆಲಕಚ್ಚಿದುದು ಇದರಿಂದಲೇ. ಲಕ್ಷಾಂತರ ಮನೆಗಳಿಗೆ ಹಾನಿಯಾಯಿತು. 200ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು.

ಬಯಲುಸೀಮೆಯಲ್ಲಿ ಎತ್ತರದ ನೆಲವೆಂದರೆ ಅಭಯ. ಮಲೆನಾಡಿನಲ್ಲಿ ಆ ನಂಬಿಕೆಯೇ ಕೈಕೊಡಬಹುದು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ನೀರು ಕುಡಿದು ತಣಿದ ಗುಡ್ಡಗಳೇ ಜಾರಿದವು. ಅಲ್ಲಿ ಮನೆಯಷ್ಟೇ ಅಲ್ಲದೆ ಮನೆಯ ನೆಲವೂ ಕಾಫಿಯ ತೋಟವೂ ಕೊಚ್ಚಿಹೋದವು. ಕರಾವಳಿಯ ಉಳ್ಳಾಲದಂಥ ಕಡೆ ಕಡಲು ದಡವನ್ನು ಕೊರೆದಾಗಲೂ ಹೀಗೆಯೇ: ಹಕ್ಕುಪತ್ರ ಪೆಟ್ಟಿಗೆಯಲ್ಲಿರುತ್ತದೆ, ಜಾಗ ನೀರಿನಲ್ಲಿರುತ್ತದೆ!

ನಗರದ ನೆರೆಗೆ ಹೊಳೆಯೂ ಬೇಡ, ಗುಡ್ಡವೂ ಬೇಡ. ಹಿಂದೆ ಬೆಂಗಳೂರಿನ ಕೆರೆಗಳು ಒಂದು ತುಂಬಿದರೆ ಮುಂದಿನದಕ್ಕೆ ನೀರು ಹರಿಯುವಂತೆ ರಾಜಕಾಲುವೆಗಳಿಂದ ಹೆಣೆದುಕೊಂಡಿದ್ದವು. ಕೆರೆಯಂಗಳದಲ್ಲಿ ಬಡಾವಣೆಗಳೆದ್ದು, ಕಾಲುವೆಗಳು ಕಿರಿದಾದ ಮೇಲೆ ನೀರು ತನ್ನ ಹಳೆಯ ಹಾದಿಯನ್ನು ಹುಡುಕಿಕೊಂಡು ಬಂದಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಬೆಲೆಬಾಳುವ ಕಾರುಗಳು ನೆಲಮಾಳಿಗೆಯಲ್ಲಿ ಮುಳುಗಿದವು. ಜನರನ್ನು ಟ್ರಾಕ್ಟರುಗಳಲ್ಲಿ ಕರೆದೊಯ್ಯಬೇಕಾಯಿತು. ಕಾಂಕ್ರೀಟಿನ ಗೋಡೆಗಳೇನೋ ಬೀಳಲಿಲ್ಲ. ಕೆಟ್ಟದ್ದು ಅವುಗಳ ಒಳಗಿದ್ದುದೆಲ್ಲ.

ಮನೆಯನ್ನು ನೀರಿನ ದಾರಿಯಿಂದ ದೂರ ಕಟ್ಟಿದರಾಯಿತು ಎನ್ನುವುದು ಸುಲಭ. 2009ರ ಅನಂತರ ಸರ್ಕಾರವು ದಾನಿಗಳ ನೆರವಿನಿಂದ 'ಆಸರೆ' ಎಂಬ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನು ಕಟ್ಟಿಸಿತು. ಆದರೆ ಹೊಲಗಳು ಹೊಳೆಯ ದಂಡೆಯಲ್ಲಿಯೇ ಉಳಿದಿದ್ದವು. ಹೊಸ ಮನೆಯಲ್ಲಿ ಎತ್ತುಗಳನ್ನು ಕಟ್ಟಲು ಕೊಟ್ಟಿಗೆಯಿಲ್ಲ, ಹೊಟ್ಟುಮೇವಿಗೆ ಹಿತ್ತಿಲಿಲ್ಲ ಎಂದು ಕೆಲವರು ಹಳೆಯ ಊರನ್ನು ಬಿಡಲಿಲ್ಲ. ಹತ್ತು ವರ್ಷಗಳ ಮೇಲೆ, 2019ರ ಆಗಸ್ಟಿನಲ್ಲಿ, ಕೃಷ್ಣೆಯೊಡನೆ ಮಲಪ್ರಭೆ, ಘಟಪ್ರಭೆಗಳೂ ಉಕ್ಕಿದಾಗ ಇಂಥವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು.