ವ್ಯಾಪಾರದ ಮಾತಿಗೆ ವಿಷಯವೆಲ್ಲಿ?

ಮಾರುವ ಸರಕು ಒಳ್ಳೆಯದಾಗಿದ್ದರೆ ಸಾಲದು. ಅದು ಒಳ್ಳೆಯದೆಂಬ ಸಂಗತಿ ಕೊಳ್ಳುವವನಿಗೆ ತಿಳಿಯಲೂ ಬೇಕು. ಹಿಂದೆ ಈ ಕಾರ್ಯವನ್ನು ಸಂತೆಯ ಕೂಗು, ಅಂಗಡಿಯ ಹಲಗೆ, ಗೋಡೆಯ ಬರಹ, ವೃತ್ತಪತ್ರಿಕೆಯ ಜಾಹೀರಾತು ಇವು ನೆರವೇರಿಸುತ್ತಿದ್ದವು. ಈಗ ಇವುಗಳ ಜೊತೆಗೆ ಫೇಸ್‌ಬುಕ್ (2004), ಯೂಟ್ಯೂಬ್ (2005), ವಾಟ್ಸ್‌ಆ್ಯಪ್ (2009), ಇನ್‌ಸ್ಟಾಗ್ರಾಮ್ (2010) ಮೊದಲಾದ ಸಾಮಾಜಿಕ ಮಾಧ್ಯಮಗಳು ಬಂದು ಸೇರಿವೆ. ಇವುಗಳಲ್ಲಿ ಖಾತೆ ತೆರೆಯಲು ಬಂಡವಾಳ ಬೇಕಿಲ್ಲ. ಆದರೆ ತೆರೆದ ಮೇಲೆ ದಿನದಿನವೂ ಏನು ಹೇಳಬೇಕೆಂಬುದೇ ದೊಡ್ಡ ತೊಡಕು. ಅನೇಕ ಸಣ್ಣ ಅಂಗಡಿಗಳ ಪುಟಗಳಲ್ಲಿ ಮೊದಲ ತಿಂಗಳು ಉತ್ಸಾಹವಿರುತ್ತದೆ. ಎರಡನೆಯ ತಿಂಗಳು ಬರಿಯ ಶುಭೋದಯಗಳಿರುತ್ತವೆ. ಮೂರನೆಯ ತಿಂಗಳು ಮೌನ. ಈ ಮೌನಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇದು ವಾಣಿಜ್ಯ ಶಾಸ್ತ್ರದವರ ವಿಷಯ, ಕಲಾ ವಿಭಾಗದವರಾದ ನಮಗೇಕೆ ಎಂದು ಕೆಲವರು ಕೇಳಬಹುದು. ಯೋಚಿಸಿ ನೋಡಿದರೆ ಇಲ್ಲಿರುವ ಕಷ್ಟ ಲೆಕ್ಕದ್ದಲ್ಲ. ನೋಡುವ, ಕೇಳುವ, ಬರೆಯುವ ಕಷ್ಟ. ಅದು ನಮ್ಮ ಅಭ್ಯಾಸಕ್ಕೆ ಸೇರಿದ್ದು. ವಿಷಯ ಸ್ಪಷ್ಟವಾಗಲೆಂದು ಇಳಕಲ್ ಸೀರೆಯನ್ನು ಮಾರುವ ಒಂದು ಚಿಕ್ಕ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ ಊರಿನಲ್ಲಿ ನೇಯುವ ಈ ಸೀರೆಯನ್ನು ಅರಿಯದ ಕನ್ನಡಿಗರು ವಿರಳ. ಆದರೂ ಅದನ್ನು ಮಾರುವವನಿಗೆ ಮಾತು ತೋಚದಿರುವುದು ಸೋಜಿಗವೇ ಸರಿ.

ಮೊದಲು ಚರಿತ್ರೆಯನ್ನು ಸ್ವಲ್ಪ ನೋಡೋಣ. ವ್ಯಾಪಾರಿಯು ತನ್ನ ಸರಕನ್ನು ಹೊಗಳುವುದರ ಬದಲು ಗಿರಾಕಿಗೆ ಉಪಯೋಗವಾಗುವ ಮಾತನ್ನು ಹೇಳುವ ಪದ್ಧತಿ ಹೊಸದೇನೂ ಅಲ್ಲ. ಅಮೆರಿಕದಲ್ಲಿ ಬೇಸಾಯದ ಉಪಕರಣಗಳನ್ನು ತಯಾರಿಸುವ ಜಾನ್ ಡೀರ್ ಸಂಸ್ಥೆಯು 1895ರಲ್ಲಿ ರೈತರಿಗಾಗಿ 'ದಿ ಫರೋ' ಎಂಬ ಪತ್ರಿಕೆಯನ್ನು ಹೊರಡಿಸಿತು. ಫ್ರಾನ್ಸಿನಲ್ಲಿ ಟೈರು ಮಾಡುವ ಮಿಷೆಲಿನ್ ಸಂಸ್ಥೆಯು 1900ರಲ್ಲಿ ಮೋಟಾರು ಪ್ರಯಾಣಿಕರಿಗೆ ಬೇಕಾದ ವಿವರಗಳ ಕೈಪಿಡಿಯನ್ನು ಅಚ್ಚು ಹಾಕಿಸಿ ಹಂಚಿತು. ನಮ್ಮ ದೇಶದಲ್ಲಿ ಅಮುಲ್ ಬೆಣ್ಣೆಯ ಪುಟ್ಟ ಹುಡುಗಿಯ ಚಿತ್ರವು 1966ರಿಂದ ಜನರ ಬಾಯಲ್ಲಿರುವ ಸುದ್ದಿಯನ್ನೇ ಹಾಸ್ಯವಾಗಿ ಆಡಿ ತೋರಿಸುತ್ತ ಬಂದಿದೆ. ಈ ಮೂರರಲ್ಲಿಯೂ ಒಂದೇ ತತ್ವ ಅಡಗಿದೆ: ಕೊಳ್ಳುವವನ ಬದುಕಿನಲ್ಲಿ ವಿಷಯವನ್ನು ಹುಡುಕಬೇಕೇ ಹೊರತು ಮಾರುವವನ ಆಸೆಯಲ್ಲಿ ಅಲ್ಲ.

ಹಾಗಾದರೆ ಆ ವಿಷಯ ದೊರೆಯುವ ಸೆಲೆಗಳು ಯಾವುವು? ಮುಖ್ಯವಾಗಿ ನಾಲ್ಕನ್ನು ಹೇಳಬಹುದು.

ಒಂದನೆಯದು, ಮಾಡುವ ಕೆಲಸ. ದಿನವೂ ಮಾಡುವವನಿಗೆ ತನ್ನ ಕೆಲಸದಲ್ಲಿ ವಿಶೇಷವೇನೂ ಕಾಣುವುದಿಲ್ಲ. ನೋಡದವನಿಗೆ ಎಲ್ಲವೂ ವಿಶೇಷವೇ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿಯ ನೂಲು, ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಸೆರಗಿನ ಮೇಲೆ ಗೋಪುರದಂತೆ ಕಾಣುವ ಬಿಳಿಯ ಚಿತ್ತಾರ ಟೋಪ್ ತೆನಿ ಎನಿಸಿಕೊಳ್ಳುತ್ತದೆ. ನೂಲಿಗೆ ಬಣ್ಣ ಕಟ್ಟುವುದು, ಗಂಜಿ ಹಾಕುವುದು, ಹಾಸು ಹೂಡುವುದು, ಕೊಂಡಿ ಕೂಡಿಸುವುದು, ಲಾಳಿ ಓಡಿಸುವುದು: ಹೀಗೆ ಒಂದೊಂದು ಹಂತವೂ ಒಂದೊಂದು ವಿಷಯ. ಎಲ್ಲವನ್ನೂ ಒಂದೇ ದಿನ ಹೇಳಿ ಮುಗಿಸುವುದು ಅವಿವೇಕ.

ಎರಡನೆಯದು, ಗಿರಾಕಿಯ ಪ್ರಶ್ನೆ. ಅಂಗಡಿಯ ಗಲ್ಲೆಯ ಬಳಿ ಒಂದು ನೋಟ್ ಪುಸ್ತಕವನ್ನಿಟ್ಟು, ಬಂದವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಬರೆದಿಡಬೇಕು. ಬಣ್ಣ ಬಿಡುತ್ತದೆಯೆ? ಮೊದಲ ಸಲ ಹೇಗೆ ಒಗೆಯಬೇಕು? ಕಚ್ಚೆ ಹಾಕಿ ಉಡಲು ಎಷ್ಟು ಗಜ ಬೇಕು? ಪಕ್ಕದ ಅಂಗಡಿಯಲ್ಲಿ ಇಂಥದೇ ಸೀರೆ ಅರ್ಧ ಬೆಲೆಗೆ ಸಿಕ್ಕುವುದೇಕೆ? ಒಬ್ಬರು ಬಾಯಿ ಬಿಟ್ಟು ಕೇಳಿದ್ದನ್ನು ಹತ್ತು ಮಂದಿ ಮನಸ್ಸಿನಲ್ಲಿಯೇ ಕೇಳಿಕೊಂಡು ಹೊರಟುಹೋಗಿರುತ್ತಾರೆ. ಆದ್ದರಿಂದ ಪ್ರತಿಯೊಂದು ಪ್ರಶ್ನೆಗೂ ಕೊಡುವ ಉತ್ತರವು ಆ ಹತ್ತು ಮಂದಿಗೂ ಮುಟ್ಟುತ್ತದೆ. ಇದಕ್ಕಿಂತ ಬಲವಾದ ಸೆಲೆ ಇನ್ನೊಂದಿಲ್ಲ.

ಮೂರನೆಯದು, ಊರಿನ ಚರಿತ್ರೆ ಮತ್ತು ಭಾಷೆ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ವಾಡಿಕೆ ಉತ್ತರ ಕರ್ನಾಟಕದಲ್ಲಿ ಬಹಳ ಹಿಂದಿನಿಂದಲೂ ಇದೆ. ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳು ಅದರಲ್ಲಿವೆ. ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ ಹೊಲಿಯುವುದು ಕ್ರಮ. ಗೋಪುರ, ತುಳಸಿ ವೃಂದಾವನ, ತೇರು, ಆನೆ, ನವಿಲು, ತೊಟ್ಟಿಲು ಇವೆಲ್ಲ ಅಲ್ಲಿ ಮೂಡುವ ಚಿತ್ರಗಳು. ಒಂದೊಂದು ಹೆಸರನ್ನು ಹಿಡಿದು ಅಜ್ಜಿಯರನ್ನು ಕೇಳಿದರೆ ಒಂದು ವರ್ಷಕ್ಕೆ ಸಾಲುವಷ್ಟು ಮಾತು ಸಿಕ್ಕೀತು. ಇಂಥ ಹೆಸರುಗಳು ಬಳಕೆಯಲ್ಲಿ ಇಲ್ಲದಾದರೆ ಮರೆತುಹೋಗುತ್ತವೆ. ಅಂಗಡಿಯ ಪುಟವೊಂದು ಅವನ್ನು ಉಳಿಸಿಕೊಟ್ಟರೆ ಅದು ವ್ಯಾಪಾರಕ್ಕೂ ಲಾಭ, ನಾಡಿಗೂ ಲಾಭ.

ನಾಲ್ಕನೆಯದು, ಪಂಚಾಂಗ. ಹಬ್ಬ ಬಂದೊಡನೆ ದೀಪದ ಚಿತ್ರವನ್ನು ಹಾಕಿ ಶುಭಾಶಯ ಕೋರುವುದನ್ನು ಎಲ್ಲರೂ ಮಾಡುತ್ತಾರೆ. ಆದುದರಿಂದ ಅದು ಯಾರ ನೆನಪಿನಲ್ಲಿಯೂ ನಿಲ್ಲುವುದಿಲ್ಲ. ಹಬ್ಬಕ್ಕೂ ತನ್ನ ಸರಕಿಗೂ ಇರುವ ನಿಜವಾದ ನಂಟನ್ನು ವ್ಯಾಪಾರಿ ಹುಡುಕಬೇಕು. ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಆಡುತ್ತಾರೆ. ತವರಿನ ಸೀರೆಯ ಮಾತನ್ನು ಆಡಲು ಇದಕ್ಕಿಂತ ತಕ್ಕ ಸಮಯ ಯಾವುದು? ಹಾಗೆಯೇ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಅದೇ ದಿನ ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿಯನ್ನು ಸಾರಿದುದರ ನೆನಪಿಗಾಗಿ 2015ರಿಂದ ಇದನ್ನು ಆಚರಿಸಲಾಗುತ್ತಿದೆ. ಅಂದು ನೇಕಾರರೊಬ್ಬರ ಮಗ್ಗವನ್ನು, ಅವರ ಒಪ್ಪಿಗೆ ಪಡೆದು, ಹೆಸರು ಸಹಿತ ತೋರಿಸುವುದು ಶೋಭಿಸುತ್ತದೆ.

ವಿಷಯಗಳನ್ನು ಕೂಡಿಹಾಕಿದ ಮೇಲೆ ಅವನ್ನು ಕ್ರಮವಾಗಿ ಬಳಸುವುದು ಮುಂದಿನ ಕೆಲಸ. ಒಂದು ಹಾಳೆಯ ಮೇಲೆ ನಾಲ್ಕು ಅಂಕಣಗಳನ್ನು ಎಳೆದು, ಒಂದೊಂದು ಸೆಲೆಗೆ ಐದೈದು ವಿಷಯಗಳನ್ನು ಬರೆಯಿರಿ. ಒಟ್ಟು 20 ಆದುವು. ವಾರಕ್ಕೆ ಮೂರರಂತೆ ಬಳಸಿದರೆ ಸುಮಾರು ಏಳು ವಾರಗಳಿಗೆ ಚಿಂತೆಯಿಲ್ಲ. ಅಷ್ಟರಲ್ಲಿ ಗಲ್ಲೆಯ ಪುಸ್ತಕದಲ್ಲಿ ಹೊಸ ಪ್ರಶ್ನೆಗಳು ತುಂಬಿರುತ್ತವೆ. ಒಂದೇ ವಿಷಯವನ್ನು ಹಲವು ರೂಪಗಳಲ್ಲಿ ಹೇಳಲೂಬಹುದು. ಕೊಂಡಿ ಕೂಡಿಸುವುದನ್ನು ಒಮ್ಮೆ ಚಿಕ್ಕ ವಿಡಿಯೋದಲ್ಲಿ ತೋರಿಸಬಹುದು. ಇನ್ನೊಮ್ಮೆ ಒಡಲು ಸೆರಗು ಕೂಡುವ ಜಾಗದ ಚಿತ್ರವನ್ನು ಹತ್ತಿರದಿಂದ ತೆಗೆದು ಹಾಕಬಹುದು. ಮತ್ತೊಮ್ಮೆ ಅದನ್ನು ಮಾಡುವವರ ಮಾತನ್ನೇ ಕೇಳಿಸಬಹುದು. ಓದುವವರು ಬೇರೆ ಬೇರೆ. ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಂಡೀತು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ಸತ್ಯದ ವಿಷಯ. ಯಂತ್ರಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಹೇಳುವುದು, ಬೇರೆಯವರ ಚಿತ್ರವನ್ನು ತನ್ನದೆಂದು ಹಾಕುವುದು, ಕೊಳ್ಳದವರಿಂದ ಹೊಗಳಿಕೆ ಬರೆಸುವುದು ಇವು ವಿಷಯದ ಕೊರತೆಯಿಂದ ಹುಟ್ಟುವ ದುರಭ್ಯಾಸಗಳು. ದಾರಿ ತಪ್ಪಿಸುವ ಜಾಹೀರಾತು ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕೆಳಗೆ ದಂಡಕ್ಕೆ ಅರ್ಹವಾದದ್ದು. ಕೈಮಗ್ಗದ ಬಟ್ಟೆಯನ್ನು ಗುರುತಿಸಲು 2006ರಲ್ಲಿ ಸರಕಾರವೇ ಕೈಮಗ್ಗದ ಮುದ್ರೆಯೊಂದನ್ನು ಜಾರಿಗೆ ತಂದಿದೆ. ಅಂಥ ಗುರುತನ್ನು ನೋಡಿ ಕೊಳ್ಳುವುದು ಹೇಗೆಂದು ಗಿರಾಕಿಗೆ ಕಲಿಸುವ ವ್ಯಾಪಾರಿಯನ್ನು ಜನ ನಂಬುತ್ತಾರೆ.

ಎರಡನೆಯದು ಅಳತೆಯ ವಿಷಯ. ಎಷ್ಟು ಜನ ಮೆಚ್ಚುಗೆಯ ಗುರುತು ಒತ್ತಿದರೆಂಬುದು ಕಣ್ಣಿಗೆ ಹಿತ, ಹೊಟ್ಟೆಗೆ ಅಲ್ಲ. ಎಷ್ಟು ಜನ ಪ್ರಶ್ನೆ ಕೇಳಿದರು, ಎಷ್ಟು ಜನ ವಿಳಾಸ ಕೇಳಿಕೊಂಡು ಅಂಗಡಿಗೆ ಬಂದರು, ಕೊಂಡವರಲ್ಲಿ ಎಷ್ಟು ಜನ ಮತ್ತೆ ಬಂದರು ಎಂಬುದನ್ನು ಬರೆದಿಡಬೇಕು. ಯಾವ ಮಾತಿನಿಂದ ಪ್ರಶ್ನೆ ಹುಟ್ಟಿತೋ ಅಂಥ ಮಾತನ್ನು ಹೆಚ್ಚಿಸಬೇಕು, ಹುಟ್ಟದಿದ್ದುದನ್ನು ಬಿಡಬೇಕು.

ಇಷ್ಟೆಲ್ಲ ಶ್ರಮ ಒಂದು ಸೀರೆ ಮಾರಲೇ ಎನ್ನಬಹುದು. ಶ್ರಮದ ಫಲ ಅಂಗಡಿಯ ಗಲ್ಲೆಯಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ಗಮನಿಸಬೇಕು. ಕೈಯಿಂದ ನೇಯ್ದದ್ದಕ್ಕೂ ಯಂತ್ರದ ಅನುಕರಣೆಗೂ ಇರುವ ಭೇದ ಕೊಳ್ಳುವವರಿಗೆ ತಿಳಿಯದಿದ್ದರೆ ಅವರು ಅಗ್ಗದ್ದನ್ನೇ ಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ಆಗ ನೇಕಾರನ ಕೂಲಿ ಇಳಿಯುತ್ತದೆ. ಅವನ ಮಕ್ಕಳು ಮಗ್ಗದ ಗುಂಡಿಗೆ ಇಳಿಯಲು ಒಪ್ಪುವುದಿಲ್ಲ. ತಲೆಮಾರುಗಳಿಂದ ಬಂದ ಕೈಚಳಕ ಒಂದೇ ತಲೆಮಾರಿನಲ್ಲಿ ನಿಂತುಹೋಗುತ್ತದೆ. ಹೇಳಬೇಕಾದ ಮಾತನ್ನು ಹೇಳದಿರುವುದರ ಬೆಲೆ ಇಷ್ಟು ದೊಡ್ಡದು. ಒಳ್ಳೆಯ ಮಾತೊಂದರಿಂದಲೇ ಮಗ್ಗ ಉಳಿಯುವುದೆಂದು ಹೇಳಲಾಗದು; ನೂಲಿನ ಬೆಲೆ, ಸಾಲ, ಮಾರುಕಟ್ಟೆ ಇವೆಲ್ಲವೂ ಸರಿಯಿರಬೇಕು. ಆದರೆ ಮಾತಿಲ್ಲದೆ ಅದು ಉಳಿಯುವುದು ಇನ್ನೂ ಕಷ್ಟ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಒಂದಲ್ಲ ಒಂದು ಕಸುಬಿದೆ. ಮಗ್ಗವಿರಬಹುದು, ಕಿರಾಣಿ ಅಂಗಡಿಯಿರಬಹುದು, ಎಣ್ಣೆಯ ಗಾಣವಿರಬಹುದು, ಖಾನಾವಳಿಯಿರಬಹುದು. ಬರುವ ರಜೆಯಲ್ಲಿ ಒಂದು ವಾರ ಅಲ್ಲಿ ಕುಳಿತು, ಬಂದವರ ಪ್ರಶ್ನೆಗಳನ್ನು ಬರೆದುಕೊಳ್ಳಿರಿ. ಹಿರಿಯರಿಂದ ಕಸುಬಿನ ಹೆಸರುಗಳನ್ನು ಕೇಳಿ ತಿಳಿಯಿರಿ. ಕಾಲೇಜಿನಲ್ಲಿ ಕಲಿತ ಕನ್ನಡ, ಚರಿತ್ರೆ, ಅರ್ಥಶಾಸ್ತ್ರಗಳು ಪರೀಕ್ಷೆಯ ಆಚೆಗೂ ಎಷ್ಟು ಬೆಲೆಯುಳ್ಳವೆಂಬುದು ಆಗ ತಾನಾಗಿಯೇ ವೇದ್ಯವಾಗುವುದು.